ತೋಟದಲ್ಲಿ ಸಿಕ್ಕ 11 ಬಿಲ್ಲೆ, ಒಂದು ಮಡಕೆಯ ಕುತ್ತಿಗೆ

ಪ್ರಶ್ನೆ: ನಮ್ಮದು ಸೊರಬ ತಾಲ್ಲೂಕಿನ ಒಂದು ಹಳ್ಳಿ. ಹದಿನೈದು ದಿನದ ಹಿಂದೆ ಅಡಿಕೆ ತೋಟದ ಬಸಿಗಾಲುವೆ ಆಳ ಮಾಡಿಸುವಾಗ ಜೆಸಿಬಿ ಎತ್ತಿದ ಮಣ್ಣಲ್ಲಿ ಮಡಕೆ ಚೂರುಗಳು ಬಂದವು. ಜೊತೆಗೆ 11 ದುಂಡನೆಯ ಬಿಲ್ಲೆಗಳು. ಹತ್ತು ಹಸಿರುಗಟ್ಟಿವೆ. ಒಂದು ಬೂದು ಬಣ್ಣದ್ದು, ಅಳತೆಗೆ ಮೀರಿದ ಭಾರ. ಮಡಕೆಯ ಕುತ್ತಿಗೆಯ ಒಂದು ಚೂರಿನ ಮೇಲೆ ಸಾಲಾಗಿ ಹೂವಿನ ಮುದ್ರೆ ಇದೆ. ಬನವಾಸಿ ಹತ್ತಿರ, ಕೆಲವು ಬಿಲ್ಲೆಗಳಲ್ಲಿ ಸಿಂಹ ಬೇರೆ ಇದೆ, ಹಾಗಾಗಿ ಎಲ್ಲವೂ ಕದಂಬರದ್ದು, ಹೂವು ರಾಜಮುದ್ರೆ ಎಂದು ಊರವರು ಹೇಳುತ್ತಾರೆ. ನಮ್ಮ ಭಾವ ಎರಡನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಯುವ ಹಾಗೆ ಮಾಡಿದ್ದಾರೆ. ಪೇಟೆಯಿಂದ ಒಬ್ಬರು ಬಂದು, ಬೂದು ಬಿಲ್ಲೆ ಅಕ್ಕಿ ಎಳೆದರೆ ಲಕ್ಷಗಟ್ಟಲೆ ಕೊಡುತ್ತೇನೆ ಎಂದರು. ನಿಧಿ ಮುಟ್ಟಿದರೆ ಮನೆಗೆ ಆಗಿಬರುವುದಿಲ್ಲ ಎಂದು ಅಮ್ಮ ಹೆದರಿದ್ದಾರೆ. ಸರ್ಕಾರಕ್ಕೆ ಹೇಳಿದರೆ ತೋಟವೇ ಹೋಗುತ್ತದೆ ಎಂದು ಪಕ್ಕದ ಮನೆಯವರು. ಫೋಟೊ ಕಳಿಸಿದ್ದೇನೆ. ಇವು ನಿಜಕ್ಕೂ ಕದಂಬರದ್ದಾ? ನಾವು ಏನು ಮಾಡಬೇಕು?

ಉತ್ತರ: ಮೊದಲು ಭಾವನವರಿಗೆ ಹೇಳಿ ತಿಕ್ಕುವುದನ್ನು ಇವತ್ತೇ ನಿಲ್ಲಿಸಿ. ಉಳಿದ ಮಾತು ಆಮೇಲೆ. ಉಳಿದ ಒಂಬತ್ತಕ್ಕೆ ನೀರು, ಸೋಪು, ನಿಂಬೆಹಣ್ಣು, ಬೂದಿ, ಟೂತ್‌ಪೇಸ್ಟ್ ಯಾವುದೂ ಬೇಡ.

ನೀವು ಕಳಿಸಿದ ಫೋಟೊಗಳನ್ನು ಎರಡು ಸಂಜೆ ಕೂತು ನೋಡಿದೆ. ಭಯ, ಆಸೆ, ಕುತೂಹಲ ಮೂರೂ ಒಟ್ಟಿಗೆ ಮನೆಯೊಳಗೆ ಬಂದಿವೆ ಎಂದು ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ. ಮೂವತ್ತು ವರ್ಷದಿಂದ ಉತ್ಖನನದ ಗುಂಡಿಗಳಲ್ಲಿ ಸಿಕ್ಕ ನಾಣ್ಯ ಮತ್ತು ಮಡಕೆ ಚೂರುಗಳನ್ನು ನೋಡುವುದೇ ನನ್ನ ಕೆಲಸ. ಇಂಥ ಪತ್ರ ಮಲೆನಾಡಿನಿಂದ ವರ್ಷಕ್ಕೆ ನಾಲ್ಕೈದಾದರೂ ಬರುತ್ತವೆ. ಹೆಚ್ಚಿನವು ತಡವಾಗಿ ಬರುತ್ತವೆ. ಅಷ್ಟರಲ್ಲಿ ಬಿಲ್ಲೆ ಹೊಳೆಯುತ್ತಿರುತ್ತದೆ, ಚೂರುಗಳನ್ನು ಬೇಲಿಯಾಚೆ ಎಸೆದಿರುತ್ತಾರೆ. ನೀವು ಚೂರುಗಳನ್ನೂ ಎತ್ತಿಟ್ಟಿದ್ದೀರಿ. ಅದಕ್ಕೇ ಈ ಉತ್ತರ ಉದ್ದವಾಗಿದೆ.

ಫೋಟೊದಲ್ಲಿ ನನಗೆ ಕಂಡದ್ದನ್ನು ಹೇಳುತ್ತೇನೆ. ಹಸಿರುಗಟ್ಟಿದ ಹತ್ತರಲ್ಲಿ ಆರರ ಮೇಲೆ ಆನೆ ಇದೆ. ಇವು ಟಿಪ್ಪು ಸುಲ್ತಾನನ ಕಾಲದ ತಾಮ್ರದ ಕಾಸುಗಳು. ನಿಮ್ಮ ಕಡೆ ಇವು ಸಿಗುವುದರಲ್ಲಿ ಆಶ್ಚರ್ಯವಿಲ್ಲ. ಹೈದರ್ 1763ರಲ್ಲಿ ಬಿದನೂರನ್ನು ಹಿಡಿದ, ಅದಕ್ಕೆ ಹೈದರನಗರ ಎಂದು ಹೆಸರಿಟ್ಟ. ಅದೇ ಇವತ್ತು ಹೊಸನಗರ ತಾಲ್ಲೂಕಿನ ನಗರ. ಅಲ್ಲಿ ಟಂಕಸಾಲೆ ಇತ್ತು. ಟಿಪ್ಪುವಿನ ಎಷ್ಟೋ ನಾಣ್ಯಗಳ ಮೇಲೆ ನಗರ್ ಎಂದು ಪಾರಸಿ ಅಕ್ಷರದಲ್ಲಿ ಊರಿನ ಹೆಸರಿದೆ.

ಉಳಿದ ನಾಲ್ಕರ ಮೇಲೆ ಸಿಂಹ. ಊರವರು ಕದಂಬರ ಹೆಸರು ಹೇಳಿದ್ದು ಇದನ್ನು ನೋಡಿಯೇ. ಕದಂಬರ ಲಾಂಛನ ಸಿಂಹ ಎನ್ನುವುದು ನಿಜ. ಆದರೆ ಸಿಂಹ ಅವರೊಬ್ಬರ ಸ್ವತ್ತಲ್ಲ. ಎರಡನೇ ಫೋಟೊದಲ್ಲಿ ಬಿಲ್ಲೆಯನ್ನು ತಿರುಗಿಸಿ ನೋಡಿ. ಮಸುಕಾಗಿದ್ದರೂ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದು ಓದಬಹುದು. ಪಕ್ಕದಲ್ಲಿ ಇಂಗ್ಲಿಷಿನ ಎರಡು ಎಕ್ಸ್, ಅಂದರೆ ಇಪ್ಪತ್ತು. ಇದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸು. 19ನೇ ಶತಮಾನದ ಮೊದಲ ಅರ್ಧದ್ದು. ಇಂಗ್ಲಿಷ್ ಅಕ್ಷರ ಇರುವ ನಾಣ್ಯ ಕದಂಬರದ್ದಾಗಲು ಸಾಧ್ಯವೇ ಇಲ್ಲ, ಅಲ್ವಾ?

ಇನ್ನು ಆ ಬೂದು ಬಿಲ್ಲೆ. ಅದನ್ನು ನೋಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಅದು ಸೀಸ. ಒಂದು ಮುಖದಲ್ಲಿ ಕಮಾನುಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಬೆಟ್ಟ. ಇನ್ನೊಂದು ಮುಖದಲ್ಲಿ ಕಟಾಂಜನದೊಳಗೆ ಒಂದು ಮರ. ಅಂಚಿನಲ್ಲಿ ಬ್ರಾಹ್ಮಿ ಅಕ್ಷರಗಳ ಸಾಲು, ಅರ್ಧ ಸವೆದಿದೆ. ಬನವಾಸಿಯಲ್ಲಿ ಕದಂಬರಿಗಿಂತ ಮುಂಚೆ ಆಳಿದ ಚುಟು ಕುಲದವರ ಸೀಸದ ನಾಣ್ಯಗಳು ಹೀಗೇ ಇರುತ್ತವೆ. ಅವುಗಳ ಮೇಲೆ ‘ರಾಞೋ ಚುಟುಕಡಾನಂದಸ’ ಎಂದು ಪ್ರಾಕೃತದಲ್ಲಿ ಬರೆದಿರುತ್ತದೆ. ರಾಜ ಚುಟುಕಡಾನಂದನದು ಎಂದು ಅರ್ಥ. ಕಾರವಾರದ ಕಡೆಯಲ್ಲೂ ಇಂಥ ನಾಣ್ಯಗಳು ಸಿಕ್ಕಿವೆ. ಕೈಯಲ್ಲಿ ಹಿಡಿದು, ತೂಕ ನೋಡಿ, ಓರೆ ಬೆಳಕಲ್ಲಿ ಅಕ್ಷರ ಓದದೆ ಇದು ಅದೇ ಎಂದು ನಾನು ಸಹಿ ಹಾಕುವುದಿಲ್ಲ. ಆದರೆ ನಕಲಿ ಎನ್ನುವ ಅನುಮಾನ ಹುಟ್ಟಿಸುವ ಯಾವ ಗುರುತೂ ಫೋಟೊದಲ್ಲಿ ಕಾಣಲಿಲ್ಲ. ಎರಕ ಹೊಯ್ದ ನಕಲಿಗಳ ಅಂಚಿನಲ್ಲಿ ಸುತ್ತಲೂ ಒಂದು ಸಣ್ಣ ಗೆರೆ ಇರುತ್ತದೆ, ಮೈಮೇಲೆ ಗಾಳಿಗುಳ್ಳೆಯ ತೂತು ಇರುತ್ತವೆ. ನಿಮ್ಮದರಲ್ಲಿ ಅವು ಇಲ್ಲ.

ಚುಟು ಕುಲದ ಹೆಸರು ಕೇಳಿ ಪರಕೀಯ ಎನಿಸಿದರೆ, ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಗೆ ಒಮ್ಮೆ ಹೋಗಿಬನ್ನಿ. ಅಲ್ಲಿನ ಕಲ್ಲುಕಂಬದ ಮೇಲೆ ಚುಟು ಕುಲದ ಸಾತಕರ್ಣಿಯ ಪ್ರಾಕೃತ ಶಾಸನ ಇದೆ. ಅದೇ ಕಂಬದ ಮೇಲೆ ಆಮೇಲೆ ಬಂದ ಕದಂಬ ಅರಸನ ಶಾಸನವೂ ಇದೆ. ಒಂದೇ ಕಂಬ, ಇಬ್ಬರು ಒಡೆಯರು. ಅಲ್ಲಿಂದ ತಾಳಗುಂದ ದೂರವಿಲ್ಲ. ಮಯೂರಶರ್ಮನ ಕಥೆ ಹೇಳುವ ಕಂಬ ಅಲ್ಲಿ ಪ್ರಣವೇಶ್ವರ ಗುಡಿಯ ಮುಂದಿದೆ. ಮಲೆನಾಡು ಅಂದರೆ ಬರೀ ಕಾಡು, ಇಲ್ಲಿ ಹಳೆಯದು ಏನೂ ಇಲ್ಲ ಎನ್ನುವವರ ಮಾತು ನಿಮ್ಮ ಸೀಮೆಯ ಮಟ್ಟಿಗಂತೂ ಸುಳ್ಳು.

ಹಾಗಾದರೆ ಒಂದೇ ಬಕೆಟ್ ಮಣ್ಣಲ್ಲಿ ಸುಮಾರು 1,600 ವರ್ಷ ಅಂತರದ ನಾಣ್ಯಗಳು ಹೇಗೆ ಬಂದವು? ನಿಮ್ಮ ಪತ್ರದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಪ್ರಶ್ನೆ ಇದು. ನೀವು ಅದನ್ನು ಕೇಳಲೇ ಇಲ್ಲ.

ಮೂರು ದಾರಿಗಳಿವೆ. ಜೆಸಿಬಿ ಬಕೆಟ್ ಒಂದೇ ಏಟಿಗೆ ಮೇಲಿನ ಪದರ, ಕೆಳಗಿನ ಪದರ ಎರಡನ್ನೂ ಕಲಸಿ ಮೇಲೆ ತಂದಿರಬಹುದು. ಆಗ ಸೀಸದ ನಾಣ್ಯ ಆಳದ್ದು, ತಾಮ್ರದವು ಮೇಲಿನವು, ಎರಡಕ್ಕೂ ಸಂಬಂಧವಿಲ್ಲ. ಇಲ್ಲವೇ, ಒಡೆಯರ ಕಾಲದಲ್ಲಿ ನಿಮ್ಮ ತೋಟದಲ್ಲಿ ಗೇಯುತ್ತಿದ್ದ ಯಾರಿಗೋ ಆ ಬೂದು ಬಿಲ್ಲೆ ಗುದ್ದಲಿಗೆ ಸಿಕ್ಕಿರಬಹುದು. ನಿಮ್ಮ ಹಾಗೆಯೇ ಅವರೂ ಎತ್ತಿಕೊಂಡು, ತಮ್ಮ ಚಿಲ್ಲರೆ ಕಾಸಿನ ಜೊತೆ ಮಡಕೆಯಲ್ಲಿ ಹಾಕಿ ಇಟ್ಟಿರಬಹುದು. ಇಂಥದ್ದು ಆಗುತ್ತದೆ. ಮೂರನೆಯದು, ಮಡಕೆಗೂ ನಾಣ್ಯಗಳಿಗೂ ಸಂಬಂಧವೇ ಇಲ್ಲದಿರಬಹುದು. ಹಳೆಯ ಊರಿನ ಮಣ್ಣಲ್ಲಿ ಮಡಕೆ ಚೂರು ಎಲ್ಲೆಲ್ಲೂ ಇರುತ್ತವೆ.

ಇದನ್ನು ಬಿಡಿಸಲು ನಾಣ್ಯವನ್ನೇ ನೋಡುತ್ತ ಕೂತರೆ ಸಾಲದು. ಚೂರುಗಳ ಒಳಮೈ ನೋಡಬೇಕು. ತಾಮ್ರದ ಕಾಸು ನೂರಾರು ವರ್ಷ ಮಡಕೆಯೊಳಗೆ ಕೂತಿದ್ದರೆ ಅದರ ಕಿಲುಬು ಮಡಕೆಯ ಒಳಗೋಡೆಗೆ ಇಳಿಯುತ್ತದೆ. ಹಸಿರು ಕಲೆ ಉಳಿಯುತ್ತದೆ. ಉಜ್ಜಿದರೂ ಸುಲಭಕ್ಕೆ ಹೋಗುವುದಿಲ್ಲ. ನೀವು ಚೂರುಗಳ ಹೊರಮೈ ಫೋಟೊ ಮಾತ್ರ ಕಳಿಸಿದ್ದೀರಿ. ಎಲ್ಲರೂ ಹಾಗೇ ಮಾಡುತ್ತಾರೆ, ಚಿತ್ತಾರ ಇರುವುದು ಹೊರಗೆ ತಾನೇ. ಬೂದು ಬಿಲ್ಲೆಯನ್ನೂ ಭೂತಗನ್ನಡಿಯಲ್ಲಿ ನೋಡಿ. ಅದರ ಮೇಲೆ ಎಲ್ಲಾದರೂ ಹಸಿರು ಅಂಟಿದ್ದರೆ ಅದು ತಾಮ್ರದ ಕಾಸುಗಳಿಗೆ ತಾಗಿಕೊಂಡು ಮಲಗಿತ್ತು ಎಂದು ಅರ್ಥ. ಆಗ ಎರಡನೆಯ ದಾರಿಯೇ ಸರಿ.

ಕಾಲ ಹೇಳುವುದು ಹೇಗೆ ಎನ್ನುವುದಕ್ಕೆ ನಿಮ್ಮ ಮನೆಯ ಮಾಡನ್ನೇ ನೋಡಿ. ಹಳೆಯ ಮನೆಯಾದರೆ ಮಂಗಳೂರು ಹೆಂಚು ಇರಬೇಕು. ಒಂದನ್ನು ತೆಗೆದು ಅಡಿಭಾಗ ನೋಡಿ. ಬಾಸೆಲ್ ಮಿಷನ್ನಿನ ಹೆಂಚಾದರೆ ಕಾರ್ಖಾನೆಯ ಹೆಸರಿನ ಜೊತೆ 1865 ಎಂದು ಒತ್ತಿರುತ್ತದೆ. ನಮ್ಮ ಮನೆ 1865ರದ್ದು ಎಂದು ಆ ಹೆಂಚು ತೋರಿಸಿ ಹೇಳಿದವರನ್ನು ತೀರ್ಥಹಳ್ಳಿಯಲ್ಲೂ ಸಾಗರದಲ್ಲೂ ಕಂಡಿದ್ದೇನೆ. 1865 ಆ ಕಾರ್ಖಾನೆ ಶುರುವಾದ ವರ್ಷ. ಆಮೇಲೆ ಎಷ್ಟೋ ವರ್ಷ ಅದೇ ಮುದ್ರೆಯನ್ನು ಒತ್ತುತ್ತಾ ಬಂದರು. ಹೆಂಚು ಅದಕ್ಕಿಂತ ಮುಂಚಿನದಲ್ಲ ಎಂದಷ್ಟೇ ಮುದ್ರೆ ಹೇಳುತ್ತದೆ. ಮನೆ ಹೆಂಚಿಗಿಂತಲೂ ಹೊಸದಿರಬಹುದು. ಎಲ್ಲಿಂದಲೋ ಬಿಚ್ಚಿ ತಂದ ಹೆಂಚೂ ಇರಬಹುದು.

ನಾಣ್ಯವೂ ಹೀಗೇ. ಒಂದು ಪದರದಲ್ಲಿ ಹತ್ತು ನಾಣ್ಯ ಸಿಕ್ಕರೆ ನಾವು ಅತಿ ಹಳೆಯದನ್ನು ಹಿಡಿದು ಕುಣಿಯುವುದಿಲ್ಲ. ಅತಿ ಹೊಸದನ್ನು ಹುಡುಕುತ್ತೇವೆ. ಆ ಹೊಸ ನಾಣ್ಯ ಅಚ್ಚಾಗುವುದಕ್ಕಿಂತ ಮುಂಚೆ ಆ ಮಣ್ಣು ಅಲ್ಲಿ ಬಿದ್ದಿರಲಾರದು. ನಿಮ್ಮ ಗುಂಪಿನಲ್ಲಿ ಅತಿ ಹೊಸದು ಒಡೆಯರ ಕಾಸು. ಆದ್ದರಿಂದ ಎಲ್ಲವೂ ಒಂದೇ ಮಡಕೆಯವಾದರೆ, ಅದನ್ನು ಇಟ್ಟದ್ದು 19ನೇ ಶತಮಾನಕ್ಕಿಂತ ಮುಂಚೆ ಅಲ್ಲ.

1830-31ರಲ್ಲಿ ನಿಮ್ಮ ಸೀಮೆಯಲ್ಲೇ ನಗರದ ದಂಗೆ ನಡೆಯಿತು. ರೈತರು ಕಂದಾಯದ ವಿರುದ್ಧ ಎದ್ದರು. ಅದೇ ನೆಪದಲ್ಲಿ 1831ರಲ್ಲಿ ಮೈಸೂರಿನ ಆಡಳಿತ ಇಂಗ್ಲಿಷರ ಕೈಗೆ ಹೋಯಿತು. ಊರು ಬಿಟ್ಟು ಓಡುವಾಗ ಯಾರೋ ಹೂತಿಟ್ಟ ಕಾಸು ಇದು ಎಂದು ಬರೆದುಬಿಡುವ ಆಸೆ ನನಗೂ ಆಯಿತು. ಬರೆಯುವುದಿಲ್ಲ. ಆ ಕಾಸುಗಳು ದಂಗೆ ಮುಗಿದು ಎಷ್ಟೋ ವರ್ಷದ ತನಕ ಕೈಯಿಂದ ಕೈಗೆ ಓಡಾಡಿರಬಹುದು. ನಾಣ್ಯ ಕೊಡದ ಕಥೆಯನ್ನು ನಾವು ಅದರ ತಲೆಗೆ ಕಟ್ಟಬಾರದು.

ಈಗ ಹೂವಿನ ಮುದ್ರೆ. ಇದು ರಾಜಮುದ್ರೆ ಅಲ್ಲ. ಅರಸರ ಮುದ್ರೆ ಇರುತ್ತಿದ್ದುದು ತಾಮ್ರಪಟದ ಬಳೆಯ ಮೇಲೆ, ಕಾಗದಪತ್ರದ ಅರಗಿನ ಮೇಲೆ. ಅಡುಗೆಮನೆಯ ಮಡಕೆಗೆ ಅರಸನ ಹಂಗಿಲ್ಲ. ಇದು ಕುಂಬಾರರ ಕೈಕೆಲಸ. ಮಡಕೆ ತಿಗುರಿಯಿಂದ ಇಳಿದು ಅರೆ ಒಣಗಿದಾಗ, ಮರದ ಅಥವಾ ಸುಟ್ಟ ಮಣ್ಣಿನ ಸಣ್ಣ ಅಚ್ಚನ್ನು ಹೊರಗಿನಿಂದ ಒತ್ತುತ್ತಾರೆ. ಗೋಡೆ ಒಳಗೆ ಕುಸಿಯಬಾರದಲ್ಲ, ಅದಕ್ಕೆ ಒಳಗಿನಿಂದ ಬೆರಳು ಕೊಟ್ಟಿರುತ್ತಾರೆ. ಚೂರನ್ನು ತಿರುಗಿಸಿ ಪ್ರತಿ ಹೂವಿನ ಹಿಂದೆ ಬೆರಳಾಡಿಸಿ. ಒಂದು ತಗ್ಗು ಸಿಗಬೇಕು. ಅದು ಅವರ ಬೆರಳಿನ ಜಾಗ. ಆ ತಗ್ಗಿಗೆ ನನ್ನ ಬೆರಳು ಸೇರಿದಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ವಿಷಯ ನೋಡಿ. ನಿಮ್ಮ ಫೋಟೊದಲ್ಲಿ ಮೂರು ಹೂವು ಸರಿಯಾಗಿ ಕಾಣುತ್ತವೆ. ಮೂರರಲ್ಲೂ ಬಲಗಡೆಯ ಒಂದು ಎಸಳು ಮುರಿದಿದೆ. ಅಂದರೆ ಅಚ್ಚಿನಲ್ಲೇ ಆ ಎಸಳು ಮುರಿದಿತ್ತು, ಒಂದೇ ಅಚ್ಚನ್ನು ಸುತ್ತಲೂ ಒತ್ತುತ್ತಾ ಹೋಗಿದ್ದಾರೆ. ನಾಳೆ ಇನ್ನೊಂದು ಹಳ್ಳಿಯಲ್ಲಿ ಅದೇ ಮುರಿದ ಎಸಳಿನ ಹೂವು ಸಿಕ್ಕರೆ, ಆ ಮಡಕೆ ಯಾವ ದಾರಿಯಲ್ಲಿ ಯಾವ ಸಂತೆಗೆ ಹೋಗುತ್ತಿತ್ತು ಎಂದು ಹೇಳಬಹುದು. ನಾಣ್ಯದಲ್ಲೂ ಹೀಗೇ ಅಚ್ಚಿನ ಬಿರುಕುಗಳನ್ನು ಹಿಂಬಾಲಿಸುತ್ತೇವೆ. ಟಂಕಸಾಲೆಯಲ್ಲಿ ಅಚ್ಚು ಸೀಳಿದ ಮೇಲೂ ಹೊಡೆಯುತ್ತಿದ್ದರು. ಬಿರುಕು ದೊಡ್ಡದಾದ ನಾಣ್ಯ ಆಮೇಲಿನದು.

ಮುದ್ರೆ ಒತ್ತಿದ ಮಡಕೆ ಎಷ್ಟು ದೂರದ ಸಂಗತಿ ಹೇಳಬಲ್ಲದು ಎನ್ನುವುದಕ್ಕೆ ನಮ್ಮ ಚಿತ್ರದುರ್ಗವೇ ಸಾಕ್ಷಿ. 1945ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಪುದುಚೇರಿಯ ಹತ್ತಿರ ಅರಿಕಮೇಡಿನಲ್ಲಿ ಅಗೆದರು. ಅಲ್ಲಿ ಇಟಲಿಯಿಂದ ಹಡಗಿನಲ್ಲಿ ಬಂದ ಕೆಂಪು ಮಿರುಗಿನ ತಟ್ಟೆಗಳ ಚೂರು ಸಿಕ್ಕವು. ತಟ್ಟೆಗಳ ಮೇಲೆ ಮಾಡಿದವರ ಹೆಸರಿನ ಮುದ್ರೆ ಇತ್ತು. ಇಟಲಿಯಲ್ಲಿ ಆ ಮುದ್ರೆಗಳ ಕಾಲ ಮೊದಲೇ ಗೊತ್ತಿತ್ತು, ಕ್ರಿಸ್ತಶಕದ ಆರಂಭದ ದಶಕಗಳು. ಅವುಗಳ ಜೊತೆ ಅರಿಕಮೇಡಿನಲ್ಲಿ ಇನ್ನೊಂದು ಬಗೆಯ ತಟ್ಟೆಯೂ ಇತ್ತು. ಅದರ ಒಳತಳದಲ್ಲಿ ಹಲ್ಲಿನ ಚಕ್ರ ಉರುಳಿಸಿದ ಹಾಗೆ ಚುಕ್ಕಿಗಳ ವೃತ್ತ. 1947ರಲ್ಲಿ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಅಗೆದಾಗ ಅದೇ ಚುಕ್ಕಿವೃತ್ತದ ಚೂರುಗಳು ಸಿಕ್ಕವು. ಚಂದ್ರವಳ್ಳಿಯಲ್ಲಿ ರೋಮಿನ ಬೆಳ್ಳಿ ನಾಣ್ಯವೂ ಸಾತವಾಹನರ ಕಾಲದ ನಾಣ್ಯಗಳೂ ಇದ್ದವು. ಇಟಲಿಯ ಒಬ್ಬ ಕುಂಬಾರನ ಹೆಸರು ಅರಿಕಮೇಡಿಗೆ ಕಾಲ ಕೊಟ್ಟಿತು, ಅರಿಕಮೇಡು ಚಂದ್ರವಳ್ಳಿಗೆ ಕೊಟ್ಟಿತು. ಚಿತ್ರದುರ್ಗದ ಬೆಟ್ಟದಡಿಯ ಊರಿನ ವಯಸ್ಸು ಹೀಗೆ ತಿಳಿಯಿತು.

ಈ ಸರಪಳಿಯಲ್ಲಿ ಒಂದು ಕೊಂಡಿ ಸರಿದರೆ ಉಳಿದವೂ ಸರಿಯುತ್ತವೆ. ಚುಕ್ಕಿವೃತ್ತದ ತಟ್ಟೆ ವ್ಹೀಲರ್ ಹೇಳಿದ್ದಕ್ಕಿಂತ ಮುಂಚೆಯೇ, ಕ್ರಿಸ್ತಪೂರ್ವದಲ್ಲೇ ಶುರುವಾಗಿತ್ತು ಎಂದು ಆಮೇಲಿನ ವಿದ್ವಾಂಸರು ತೋರಿಸಿದರು. ಹಾಗಾದಾಗ ಆ ಚೂರುಗಳನ್ನು ನಂಬಿದ್ದ ಎಷ್ಟೋ ಲೆಕ್ಕಗಳನ್ನು ಮತ್ತೆ ನೋಡಬೇಕಾಯಿತು. ನೋಡಲು ಸಾಧ್ಯವಾಗಿದ್ದು ಯಾಕೆಂದರೆ, ಯಾವ ಚೂರು ಯಾವ ಪದರದಲ್ಲಿ ಸಿಕ್ಕಿತು ಎಂದು ವ್ಹೀಲರ್ ಬರೆದಿಟ್ಟಿದ್ದರು.

ಗ್ರೀಸಿನ ರೋಡ್ಸ್ ದ್ವೀಪದಲ್ಲಿ ದ್ರಾಕ್ಷಾರಸ ತುಂಬುವ ಜಾಡಿಗಳ ಹಿಡಿಗಳ ಮೇಲೆ, ಆ ವರ್ಷದ ಸೂರ್ಯದೇವನ ಅರ್ಚಕನ ಹೆಸರು ಮತ್ತು ಜಾಡಿ ಮಾಡಿಸಿದವನ ಹೆಸರನ್ನು ಒತ್ತುತ್ತಿದ್ದರು. ಅರ್ಚಕ ವರ್ಷಕ್ಕೊಬ್ಬ. ಹಾಗಾಗಿ ಒಂದು ಮುರಿದ ಹಿಡಿ ಸಿಕ್ಕರೂ ಕಾಲವನ್ನು ಕೆಲವೇ ವರ್ಷಗಳ ಅಂತರಕ್ಕೆ ತರಬಹುದು. ನಮ್ಮ ಕುಂಬಾರರು ಹೆಸರು ಒತ್ತಲಿಲ್ಲ, ಹೂವು ಒತ್ತಿದರು. ಅದಕ್ಕೇ ನಾವು ಹೂವಿಗಿಂತ ಜಾಸ್ತಿ ಮಡಕೆಯ ಬಾಯಿಯ ಅಂಚನ್ನು ನೋಡುತ್ತೇವೆ. ಅಂಚು ಹೊರಗೆ ಮಡಿಚಿದೆಯಾ, ದಪ್ಪವಾ, ಮುಚ್ಚಳ ಕೂರಲು ಮೆಟ್ಟಿಲಿದೆಯಾ? ಮಡಕೆಯ ಹೊಟ್ಟೆ ಸಾವಿರ ವರ್ಷವಾದರೂ ಹಾಗೇ ಇರುತ್ತದೆ. ಬಾಯಿ ಬದಲಾಗುತ್ತಾ ಹೋಗುತ್ತದೆ. ನಿಮ್ಮ ಚೂರಿನ ಬಾಯಿ ನೋಡಿದರೆ ಅದು ಚುಟು ಕಾಲದ್ದಲ್ಲ, ತೀರಾ ಈಚಿನದು ಎನಿಸುತ್ತದೆ. ಒಡೆಯರ ಕಾಸಿನ ಜೊತೆಗೆ ಅದು ಹೊಂದುತ್ತದೆ.

ನನ್ನ ಒಂದು ತಪ್ಪನ್ನು ನಿಮಗೆ ಹೇಳಬೇಕು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಂದು ಉತ್ಖನನದಲ್ಲಿ ಮಣ್ಣು ಜರಡಿ ಹಿಡಿಯುತ್ತಿದ್ದೆ. ಒಂದು ಸೀಸದ ನಾಣ್ಯ ಸಿಕ್ಕಿತು. ಅಷ್ಟರಲ್ಲಿ ಜೋರು ಮಳೆ. ಎಲ್ಲರೂ ಟಾರ್ಪಾಲು ಎಳೆಯಲು ಓಡಿದರು. ನಾನು ನಾಣ್ಯವನ್ನು ಅಂಗಿಯ ಜೇಬಿಗೆ ಹಾಕಿದೆ, ಆಮೇಲೆ ಚೀಟಿ ಬರೆಯೋಣ ಎಂದು. ರಾತ್ರಿ ನೆನಪಾದಾಗ ಅದು ಮೂರನೇ ಪದರದ ಮಣ್ಣಾ, ನಾಲ್ಕನೆಯದಾ ಎಂದು ಹೇಳಲು ಆಗಲಿಲ್ಲ. ಆ ವರ್ಷದ ಒಳ್ಳೆಯ ನಾಣ್ಯ ಅದು. ವರದಿಯಲ್ಲಿ ಅದರ ಮುಂದೆ ‘ಪದರ ತಿಳಿದಿಲ್ಲ’ ಎಂದು ಬರೆಯಬೇಕಾಯಿತು. ಅದರಿಂದ ಯಾವ ಗೋಡೆಯ ಕಾಲವನ್ನೂ ಹೇಳಲಾಗಲಿಲ್ಲ. ಆ ಸಾಲು ಅಚ್ಚಾದ ಪುಟವನ್ನು ತೆರೆದಾಗ ಈಗಲೂ ಬೇಸರವಾಗುತ್ತದೆ. ಒಂದು ಚೀಟಿ ಬರೆಯಲು ಒಂದು ನಿಮಿಷ ಸಾಕಿತ್ತು.

ಹುಣಸೆಹಣ್ಣಿನ ಮಾತಿಗೆ ಬರುತ್ತೇನೆ. ಭಾವನವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ. ದೇವರ ತಾಮ್ರದ ಚೆಂಬಿಗೆ ಹುಣಸೆಹಣ್ಣು ಸರಿ. ಮಣ್ಣಿನಿಂದ ಬಂದ ನಾಣ್ಯಕ್ಕೆ ಯಾಕೆ ಬೇಡ ಎಂದರೆ, ಅದರ ಮೂಲ ಮುಖ ಈಗ ಲೋಹದಲ್ಲಿ ಇಲ್ಲ, ಕಿಲುಬಿನಲ್ಲಿದೆ. ತಾಮ್ರ ನಿಧಾನವಾಗಿ ಕಿಲುಬಾಗುವಾಗ ಅಕ್ಷರದ ಗೆರೆಗಳೂ ಆ ಪದರಕ್ಕೇ ಸೇರಿಹೋಗುತ್ತವೆ. ಹುಳಿ ಆ ಪದರವನ್ನೇ ಕರಗಿಸುತ್ತದೆ. ಕೆಳಗೆ ಹೊಳೆಯುವುದು ನಾಣ್ಯದ ಹೊಟ್ಟೆ, ಮುಖವಲ್ಲ. ತಿಕ್ಕಿದ ಆ ಎರಡೂ ಟಿಪ್ಪುವಿನ ಆನೆ ಕಾಸುಗಳು. ಅವುಗಳ ಮೇಲೆ ವರ್ಷ ಇದ್ದಿರಬಹುದು. 1787ರಿಂದ ಟಿಪ್ಪು ಮೌಲೂದಿ ಎಂಬ ತನ್ನದೇ ಲೆಕ್ಕದ ವರ್ಷ ತಂದ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಓದಲು ಸಿಕ್ಕಿದ್ದರೆ ಯಾವ ವರ್ಷದ್ದು ಎಂದು ನಿಖರವಾಗಿ ಹೇಳಬಹುದಿತ್ತು. ಈಗ ಆನೆಯ ಬೆನ್ನು ಮಾತ್ರ ಉಳಿದಿದೆ. ಆದದ್ದಾಯಿತು. ಅವರನ್ನು ಬೈಯಬೇಡಿ. ಉಳಿದ ನಾಲ್ಕು ಆನೆ ಕಾಸುಗಳಲ್ಲಿ ಒಂದರಲ್ಲಾದರೂ ಅಂಕಿ ಉಳಿದಿರುತ್ತದೆ ಎಂಬ ಆಸೆ ಇದೆ.

ಮಳೆಗಾಲ ಬರುತ್ತಿದೆ, ಹಾಗಾಗಿ ಕಾಪಾಡುವುದು ಹೇಗೆಂದು ಹೇಳಿಬಿಡುತ್ತೇನೆ. ಪ್ರತಿ ಬಿಲ್ಲೆಯನ್ನು ಬೇರೆ ಬೇರೆ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಒಂದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಹೊಸ ಶೂ, ಔಷಧಿ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನು ಒಂದೆರಡು ಹಾಕಿ. ತಾಮ್ರದ ಮೇಲೆ ಗಟ್ಟಿ ಕಡುಹಸಿರು ಇದ್ದರೆ ಹೆದರಬೇಡಿ, ಅದು ನಾಣ್ಯವನ್ನು ಕಾಯುತ್ತದೆ. ತಿಳಿಹಸಿರು ಪುಡಿ ಉದುರಲು ಶುರುವಾದರೆ ಅದು ರೋಗ. ಲೋಹದೊಳಗಿನ ಉಪ್ಪಿನಂಶಕ್ಕೆ ತೇವ ಸೇರಿ ಒಳಗಿನಿಂದ ತಿನ್ನುತ್ತದೆ. ಅಂಥದ್ದನ್ನು ಉಳಿದವುಗಳಿಂದ ದೂರ ಇಟ್ಟು ಬೇಗ ತಿಳಿದವರಿಗೆ ತೋರಿಸಬೇಕು. ಸೀಸದ ಬಿಲ್ಲೆಯನ್ನು ಮಾತ್ರ ಮರದ ಪೆಟ್ಟಿಗೆ, ಮರದ ಕಪಾಟಿನಲ್ಲಿ ಇಡಬೇಡಿ. ಮರದಿಂದ ಬರುವ ಹುಳಿ ಆವಿಗೆ ಸೀಸ ಬಿಳಿ ಪುಡಿಯಾಗುತ್ತದೆ. ಸೀಸ ವಿಷ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಅಮ್ಮನಿಗೆ ಸಮಾಧಾನ ಆಗುವುದಾದರೆ ಡಬ್ಬಿಯನ್ನು ದೇವರಕೋಣೆಯಲ್ಲೇ ಇಡಿ. ಹಾಲಿನ ಅಭಿಷೇಕ, ಅರಿಶಿನ ಕುಂಕುಮ ಮಾತ್ರ ಬೇಡ. ಮಡಕೆ ಚೂರಿನ ಒಳಗೆ ಮಸಿ ಅಂಟಿದ್ದರೆ ತೊಳೆಯಬೇಡಿ, ಅದರಿಂದಲೂ ಕಾಲ ತಿಳಿಯಬಹುದು.

ಪೇಟೆಯಿಂದ ಬಂದವರ ಬಗ್ಗೆ ಖಂಡಿತವಾಗಿ ಹೇಳುತ್ತೇನೆ. ಅಕ್ಕಿ ಎಳೆಯುವ ಲೋಹ ಎಂಬುದು ಇಲ್ಲ. ತಾಮ್ರವೂ ಸೀಸವೂ ಅಯಸ್ಕಾಂತವಲ್ಲ. ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿ, ಅಡಿಯಲ್ಲಿ ಅಯಸ್ಕಾಂತ ಬಚ್ಚಿಟ್ಟು ತೋರಿಸುವ ಮೋಸ ಇದು. ಮೊದಲು ಲಕ್ಷದ ಮಾತು, ಆಮೇಲೆ ಪರೀಕ್ಷೆಗೆ ವಿಜ್ಞಾನಿಯನ್ನು ಕರೆಸಲು ನೀವೇ ಇಷ್ಟು ಕೊಡಿ ಎನ್ನುತ್ತಾರೆ. ಇದರಲ್ಲಿ ತೋಟ ಅಡವಿಟ್ಟವರೂ ಇದ್ದಾರೆ. ಇನ್ನೊಮ್ಮೆ ಬಂದರೆ ಮನೆಯೊಳಗೆ ಕರೆಯಬೇಡಿ. ಇನ್ನು ನಿಜವಾದ ಬೆಲೆ. ಸವೆದ ಆನೆ ಕಾಸಿಗೆ, ಒಡೆಯರ ಕಾಸಿಗೆ ಸಂಗ್ರಹಕಾರರು ಕೊಡುವುದು ಕೆಲವು ನೂರು ರೂಪಾಯಿ ಅಷ್ಟೇ. ಇವು ಸಾವಿರಾರು ಉಳಿದಿವೆ.

ಅಮ್ಮನಿಗೆ ಒಂದು ಮಾತು. ಅಮ್ಮಾ, ಹತ್ತು ತಾಮ್ರದ ಕಾಸು ನಿಧಿಯಲ್ಲ. ನಿಧಿ ಇಡುವವರು ಬಂಗಾರದ ವರಹ ಇಡುತ್ತಿದ್ದರು. ಇದು ನೀವು ಸಾಸಿವೆ ಡಬ್ಬಿಯಲ್ಲಿ ಹಾಕಿಡುವ ಚಿಲ್ಲರೆಯ ಹಾಗೆ. ಯಾರೋ ಒಬ್ಬ ತಾಯಿ ಸಂತೆಗೆ, ಉಪ್ಪಿಗೆ ಎಂದು ಕೂಡಿಟ್ಟ ದುಡ್ಡು ಇರಬಹುದು. ಮಡಕೆ ಇರುವ ಜಾಗದಲ್ಲಿ ಹಾವು ಕಂಡರೆ ಅದು ಇಲಿ ಬಿಲ ಹುಡುಕಿ ಬಂದದ್ದು. ಶಾಂತಿ ಮಾಡಿಸುವುದು ನಿಮ್ಮ ಇಷ್ಟ. ಆದರೆ ಅದಕ್ಕಾಗಿ ಬಿಲ್ಲೆಗಳನ್ನು ಹೊಳೆಗೆ ಬಿಡಬೇಡಿ.

ಈಗ ನಿಮ್ಮ ಮುಂದಿರುವ ದಾರಿಗಳು. ಸುಮ್ನೆ ಇಟ್ಟುಕೊಳ್ಳಬಹುದು ಎಂದು ಅನಿಸಬಹುದು. ಕಾನೂನು ಅದನ್ನು ಒಪ್ಪುವುದಿಲ್ಲ. ಮಣ್ಣಲ್ಲಿ ಹುದುಗಿದ್ದದ್ದು ಸಿಕ್ಕರೆ ತಿಳಿಸಬೇಕು ಎಂಬ ಕಾನೂನು ಈ ದೇಶದಲ್ಲಿ 1878ರಿಂದ ಇದೆ, ನಮ್ಮ ರಾಜ್ಯಕ್ಕೆ 1962ರ ಕಾಯ್ದೆ ಇದೆ. ಬಚ್ಚಿಟ್ಟರೆ ಶಿಕ್ಷೆ ಇದೆ. ಊರಿಗೆಲ್ಲ ಗೊತ್ತಾದ ವಿಷಯ ಬೇರೆ. ಮಾರಿದರೆ ಇನ್ನೂ ಕಷ್ಟ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಪರಿಚಯದ ಸಂಗ್ರಹಕಾರರಿಗೆ ಕೊಟ್ಟುಬಿಡೋಣ ಎನ್ನುವವರೂ ಇದ್ದಾರೆ. ಅವರು ಒಳ್ಳೆಯವರೇ ಇರಬಹುದು. ಆದರೆ ಸೀಸದ ನಾಣ್ಯ ಅವರ ಆಲ್ಬಂ ಸೇರಿದ ದಿನ ನಿಮ್ಮ ಊರಿನ ಹೆಸರು ಅದರಿಂದ ಕಳಚಿಹೋಗುತ್ತದೆ.

ನಾನು ಹೇಳುವ ದಾರಿ ಇದು. ಒಂದು ಬಿಳಿ ಹಾಳೆಯಲ್ಲಿ ಜಿಲ್ಲಾಧಿಕಾರಿಗಳಿಗೆ ಪತ್ರ ಬರೆಯಿರಿ. ಯಾವ ದಿನ, ಯಾವ ಸರ್ವೆ ನಂಬರು, ಏನು ಕೆಲಸ ಮಾಡುವಾಗ, ಎಷ್ಟು ಆಳದಲ್ಲಿ, ಏನೇನು, ಎಷ್ಟೆಷ್ಟು ಎಂದು ಇರಲಿ. ಎರಡನ್ನು ತಿಕ್ಕಿದ್ದನ್ನೂ ಮುಚ್ಚಿಡಬೇಡಿ. ಫೋಟೊ ಲಗತ್ತಿಸಿ. ಪ್ರತಿಯನ್ನು ತಹಶೀಲ್ದಾರರಿಗೂ, ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ. ವಸ್ತು ಒಪ್ಪಿಸುವಾಗ ಪ್ರತಿಯೊಂದರ ತೂಕ ಮತ್ತು ಫೋಟೊ ಇರುವ ಪಂಚನಾಮೆಯ ಪ್ರತಿ ಕೇಳಿ ಪಡೆಯಿರಿ. ತೂಕವನ್ನು ಮೊದಲೇ ಚಿನಿವಾರರ ಅಂಗಡಿಯ ತಕ್ಕಡಿಯಲ್ಲಿ ನೋಡಿಟ್ಟುಕೊಳ್ಳಬಹುದು. ಒರೆಗಲ್ಲಿಗೆ ಉಜ್ಜಲು, ಅರದಿಂದ ಗೀರಲು ಬಿಡಬೇಡಿ.

ಈ ದಾರಿಯಲ್ಲೂ ತೊಂದರೆ ಇದೆ. ಕಚೇರಿ ಓಡಾಟ ಆಗುತ್ತದೆ, ವಿಚಾರಣೆಗೆ ತಿಂಗಳುಗಳು ಹಿಡಿಯಬಹುದು. ಒಪ್ಪಿಸಿದ ವಸ್ತು ವರ್ಷಗಟ್ಟಲೆ ಖಜಾನೆಯ ಚೀಲದಲ್ಲೇ ಕೂತಿದ್ದನ್ನೂ ನಾನು ಕಂಡಿದ್ದೇನೆ, ಅದು ನೋವಿನ ಸಂಗತಿ. ಅದಕ್ಕೇ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೂ ಒಂದು ಪ್ರತಿ ಕಳಿಸಿ ಎನ್ನುತ್ತೇನೆ. ಓದುವವರಿಗೆ ಗೊತ್ತಾದರೆ ಓದಲು ಬರುತ್ತಾರೆ.

ತೋಟ ಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹನ್ನೊಂದು ಬಿಲ್ಲೆ ಸಿಕ್ಕಿತೆಂದು ಜಮೀನು ಯಾರ ಕೈಗೂ ಹೋಗುವುದಿಲ್ಲ. ಕೇಂದ್ರ ಸರ್ಕಾರ ಒಂದು ಜಾಗವನ್ನು ಸಂರಕ್ಷಿತ ಎಂದು ಘೋಷಿಸಬೇಕಾದರೆ 1958ರ ಕಾಯ್ದೆಯಂತೆ ಎರಡು ತಿಂಗಳ ಮುಂಚೆ ಸೂಚನೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಈಗಾಗಲೇ ಸಂರಕ್ಷಿತವಾದ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ತನಕ ಅನುಮತಿ ಬೇಕು. ನೀವು ಕೊಟ್ಟ ವಿವರ ನೋಡಿದರೆ ನಿಮ್ಮ ತೋಟದ ಹತ್ತಿರ ಅಂಥ ಸ್ಮಾರಕ ಇಲ್ಲ. ಹೆಚ್ಚೆಂದರೆ ಇಬ್ಬರು ಮೂವರು ಬಂದು ಕಾಲುವೆಯ ಗೋಡೆ ನೋಡಿ, ಅಳತೆ ತೆಗೆದು ಹೋಗುತ್ತಾರೆ.

ಆ ಗೋಡೆಯೇ ಈಗ ಮುಖ್ಯ. ಮೊದಲ ದೊಡ್ಡ ಮಳೆಗೆ ಅದು ಕುಸಿಯುತ್ತದೆ. ಈ ವಾರವೇ ಬೆಳಿಗ್ಗೆ ಹೊತ್ತಿನಲ್ಲಿ ಹೋಗಿ, ಬಿಲ್ಲೆ ಬಂದ ಜಾಗದ ಹತ್ತಿರದ ಅಡಿಕೆ ಮರಕ್ಕೆ ಒಂದು ಬಟ್ಟೆ ಕಟ್ಟಿ. ಕಾಲುವೆಯ ತುದಿಯಿಂದ ಅದು ಎಷ್ಟನೇ ಮರ ಎಂದು ಬರೆದುಕೊಳ್ಳಿ. ಗೋಡೆಗೆ ಒಂದು ಅಳತೆಪಟ್ಟಿ ಒರಗಿಸಿ ನೇರವಾಗಿ ನಿಂತು ಫೋಟೊ ತೆಗೆಯಿರಿ. ಮಣ್ಣಿನ ಬಣ್ಣ ಎಲ್ಲಿ ಬದಲಾಗುತ್ತದೆ, ಮಸಿಯ ಗೆರೆ ಇದೆಯಾ, ಚೂರು ಕಚ್ಚಿಕೊಂಡಿವೆಯಾ, ಎಲ್ಲವೂ ಫೋಟೊದಲ್ಲಿ ಕಾಣಲಿ. ಗೋಡೆಯಲ್ಲಿ ಏನು ಕಂಡರೂ ಕೀಳಬೇಡಿ. ಜೆಸಿಬಿ ಎತ್ತಿ ಹಾಕಿದ ಮಣ್ಣಿನ ರಾಶಿಯನ್ನು ಹಾಗೇ ಬಿಟ್ಟು, ಮೇಲೆ ಒಂದು ಟಾರ್ಪಾಲು ಹೊದಿಸಿ. ಅದರಲ್ಲಿ ಇನ್ನೂ ಚೂರುಗಳಿರಬಹುದು.

ಬಂದು, ಹೂವಿನ ಚೂರನ್ನು ಮಗುಚಿ ಅದರ ಒಳಮೈ ಫೋಟೊ ಕಳಿಸಿ. ಹಸಿರು ಕಲೆ ಇದೆಯಾ ನೋಡಬೇಕು.